ಫಾರ್ವರ್ಡ್ ಕಟಿಂಗ್

ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಹಣೆಯ ಮೇಲಿನ ಹಿಡಿಯಷ್ಟು ಕೂದಲು ಯಾವ ಕಣ್ಣಿನ ಮೇಲೆ ಬೀಳಬೇಕು ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಈ ಕಥೆಯನ್ನು ಇಲ್ಲಿಗೇ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಈ ಪ್ರಶ್ನೆಯಿಂದಾಗಿ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಮುಂಪಡೆ ತಿಂಗಳುಗಟ್ಟಲೆ ಗೋಲಿಲ್ಲದೆ ಒಣಗಿತು, ಒಂದು ಸಲೂನು ತನ್ನ ಚರಿತ್ರೆಯಲ್ಲೇ ಮೊದಲ ಸಲ ಶನಿವಾರ ಬಾಗಿಲು ಹಾಕಿತು, ಮತ್ತು ಒಡಹುಟ್ಟಿದ ಅಕ್ಕತಮ್ಮ ಇಬ್ಬರು ಕೆಲವು ದಿನ ತಮ್ಮತಮ್ಮಲ್ಲಿ ಆಡಬೇಕಾದ ಮಾತನ್ನೆಲ್ಲ ಮೂರನೆಯವರ ಮುಖ ನೋಡಿಕೊಂಡು ಆಡಿದರು.

ಹುಡುಗ ಫಾರ್ವರ್ಡ್. ಅಂದರೆ ಉಳಿದ ಹತ್ತು ಜನ ಬೆವರು ಸುರಿಸಿ ತಂದುಕೊಟ್ಟ ಚೆಂಡನ್ನು ಬಲೆಯೊಳಗೆ ಹಾಕಿ, ಹೊಗಳಿಕೆಯನ್ನೆಲ್ಲ ಒಬ್ಬನೇ ತೆಗೆದುಕೊಳ್ಳುವ ಹುದ್ದೆ. ಹಾಕದಿದ್ದರೆ ಬೈಗುಳವೂ ಅವನೊಬ್ಬನದೇ. ಕ್ಲಬ್ಬಿನ ಕಿರಿಯರ ತಂಡದಲ್ಲಿ ಬೆಳೆದು ಆ ವರ್ಷವಷ್ಟೇ ಅವನಿಗೆ ಮೊದಲ ತಂಡಕ್ಕೆ ಬಡ್ತಿ ಸಿಕ್ಕಿತ್ತು. ಒಪ್ಪಂದ ಒಂದು ವರ್ಷದ್ದು. ಸರಿಹೋಗದಿದ್ದರೆ ಎರಡನೇ ತಂಡಕ್ಕೆ ವಾಪಸು. ಎರಡನೇ ತಂಡದಿಂದ ಜನ ಸಾಮಾನ್ಯವಾಗಿ ಕ್ರೀಡಾ ಸಾಮಗ್ರಿ ಮಾರುವ ಅಂಗಡಿಗಳಿಗೆ ಹೋಗುತ್ತಿದ್ದರು. ಅಲ್ಲಿ ನಿಂತು ಬೇರೆಯವರ ಕಾಲಿಗೆ ಬೂಟು ಹಾಕಿ ನೋಡುತ್ತ, ತಾವೂ ಒಂದು ಕಾಲದಲ್ಲಿ ಆಡುತ್ತಿದ್ದೆವೆಂದು ಕೇಳದವರಿಗೂ ಹೇಳುತ್ತಿದ್ದರು.

ಮೊದಲ ಪಂದ್ಯದಲ್ಲಿ ಅವನನ್ನು ಇಳಿಸಿದ್ದು ಆಟ ಮುಗಿಯಲು ಸ್ವಲ್ಪವೇ ಹೊತ್ತಿದೆ ಎನ್ನುವಾಗ, ಬೇರೆಯವನ ಬದಲಿಗೆ. ಇಳಿದು ಎತ್ತ ಓಡಬೇಕೆಂದು ತಿಳಿಯದೆ ನಿಂತಿದ್ದವನ ಮೊಣಕಾಲಿಗೆ ಚೆಂಡು ಬಡಿದು ಒಳಗೆ ಹೋಯಿತು. ಮಾರನೇ ದಿನದ ಪತ್ರಿಕೆ ಅದನ್ನು ಚಾಣಾಕ್ಷ ಹೊಡೆತವೆಂದು ಬಣ್ಣಿಸಿ ಫೋಟೋ ಹಾಕಿತು. ಫೋಟೋದಲ್ಲಿ ಮೊಣಕಾಲು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಗಾಳಿಗೆ ಹಾರಿ ಹಣೆಯ ಮೇಲೆ ಹರಡಿದ ಕೂದಲು.

ಆ ಕೂದಲಿನ ಕರ್ತೃ ಅವನ ಸೋದರಮಾವ. ಅದೇ ಬೀದಿಯ ಕೊನೆಯಲ್ಲಿ ಅವನ ಸಲೂನು. ಆ ಮನೆಯವರ ತಲೆಗೆ ಬೇರೆಯವರ ಕತ್ತರಿ ಸೋಕುವಂತಿರಲಿಲ್ಲ. ಹುಡುಗನ ತಂದೆ ಆ ಮನೆಯ ಮಗಳನ್ನು ಮದುವೆಯಾದಾಗ ಭಾಮೈದನ ಕತ್ತರಿಯನ್ನೂ ಜೊತೆಗೇ ಒಪ್ಪಿಕೊಂಡಂತಾಗಿತ್ತು. ತಂದೆಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಮನೆಯ ಮುಖ್ಯ ಚರ್ಚೆಗಳೆಲ್ಲ ಅವರು ಮಲಗಿದ್ದ ಹೊತ್ತಿನಲ್ಲೇ ನಡೆದುಹೋಗುತ್ತಿದ್ದವು. ಪಾಳಿ ಬದಲಿಸಿಕೊಳ್ಳುವ ಅವಕಾಶ ಬಂದಾಗಲೂ ಅವರು ಬೇಡವೆಂದಿದ್ದರು.

ಫೋಟೋ ಬಂದ ಮೇಲೆ ಬೀದಿಯ ಹುಡುಗರು ಸಲೂನಿಗೆ ಬಂದು, ಅದೇ ಥರ ಬಿಡಿ ಎಂದು ಕೇಳಲಾರಂಭಿಸಿದರು. ಮಾವ ಅದಕ್ಕೆ ಫಾರ್ವರ್ಡ್ ಕಟಿಂಗ್ ಎಂದು ಹೆಸರಿಟ್ಟ. ಫೋಟೋವನ್ನು ದೊಡ್ಡದು ಮಾಡಿಸಿ ಹೊರಗೆ ಬೋರ್ಡಿಗೆ ಹಾಕಿಸಿದ. ಎರಡನೇ ಕುರ್ಚಿ ತರಿಸಿದ. ಅದಕ್ಕೊಬ್ಬ ಕೆಲಸಗಾರನನ್ನೂ ಇಟ್ಟುಕೊಂಡ. ಅಷ್ಟರಲ್ಲಿ ಅವನಿಗೆ ಇನ್ನೊಂದು ವಿಷಯವೂ ಹೊಳೆದಿತ್ತು: ಅಳಿಯನ ಆಟವನ್ನು ಸುಧಾರಿಸುವ ಹೊಣೆ ಕೋಚ್ ಒಬ್ಬನ ಮೇಲೆ ಬಿಡುವಂಥದ್ದಲ್ಲ.

ಇಲ್ಲಿ ಆ ತಂಡದ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಎರಡಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಅದರಲ್ಲಿಲ್ಲ. ತಂಡದಲ್ಲಿ ಎಲ್ಲರೂ ದೊಡ್ಡಣ್ಣ ಎಂದು ಕರೆಯುವ ಹಳೆಯ ಆಟಗಾರನೊಬ್ಬನಿದ್ದ. ಮೊಣಕಾಲು ಸವೆದು ಓಟ ಹೋಗಿತ್ತು, ಉಸಿರೂ ಅಷ್ಟಕ್ಕಷ್ಟೆ. ಆದರೆ ಮೈದಾನದ ಬಲ ಅಂಚಿನಲ್ಲಿ ನಿಂತು ಚೆಂಡನ್ನು ಗೋಲಿನ ಮುಂದಕ್ಕೆ ತೇಲಿಸುವ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೇಲಿ ಬಂದದ್ದನ್ನು ಫಾರ್ವರ್ಡ್ ಹಾರಿ ತಲೆಯಿಂದ ಒಳಗೆ ಹೊಡೆಯಬೇಕು. ಕ್ಲಬ್ಬಿನ ಯುದ್ಧತಂತ್ರವೆಂದರೆ ಇಷ್ಟೇ.

ಮಾವ ಈ ತಂತ್ರವನ್ನು ಅಭ್ಯಾಸ ಮಾಡಿ ತೀರ್ಮಾನಕ್ಕೆ ಬಂದ. ಚೆಂಡು ಬರುವುದು ಎಡಗಡೆಯಿಂದ. ಆದ್ದರಿಂದ ಎಡಗಣ್ಣು ಬಿಡುವಾಗಿರಬೇಕು. ಬಲಗಣ್ಣಿಗೆ ಅಲ್ಲಿ ಕೆಲಸವಿಲ್ಲ, ಶೋಕಿಯೆಲ್ಲ ಅದರ ಮೇಲೆ ಮಾಡಬಹುದು. ಹೀಗೆ ಫಾರ್ವರ್ಡ್ ಕಟಿಂಗಿನ ಪರಿಷ್ಕೃತ ರೂಪ ಸಿದ್ಧವಾಯಿತು: ಹಣೆಯ ಕೂದಲೆಲ್ಲ ಒಂದು ಅಲೆಯಂತೆ ಎದ್ದು ಬಲಗಣ್ಣಿನ ಮೇಲೆ ಬಿದ್ದು ಅಲ್ಲೇ ವಿಶ್ರಮಿಸುವುದು.

ಚೆಂಡು ಬರುತ್ತಿದ್ದದ್ದು ಬಲಗಡೆಯಿಂದ ತಾನೆ ಎಂದು ಓದುಗರು ಕೇಳಬಹುದು. ಹೌದು. ತಪ್ಪು ಸಲೂನಿನ ಗೋಡೆಯದು. ಟಿವಿ ಇದ್ದದ್ದು ಕುರ್ಚಿಗಳ ಹಿಂದಿನ ಗೋಡೆಯ ಮೇಲೆ. ಕತ್ತರಿಗೆ ತಲೆ ಒಪ್ಪಿಸಿದವನು ಕತ್ತು ತಿರುಗಿಸುವಂತಿಲ್ಲ, ಕತ್ತರಿ ಹಿಡಿದವನಂತೂ ಕಣ್ಣು ಕೀಳುವಂತಿಲ್ಲ. ಹಾಗಾಗಿ ಇಬ್ಬರೂ ಪಂದ್ಯವನ್ನು ನೋಡುತ್ತಿದ್ದದ್ದು ಮುಂದಿನ ಕನ್ನಡಿಯಲ್ಲಿ. ಕನ್ನಡಿಯಲ್ಲಿ ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ. ಟಿವಿಯ ಬಾಯಿಯನ್ನು ಮಾವ ಸದಾ ಮುಚ್ಚಿಡುತ್ತಿದ್ದ. ಅಂಗಡಿಯಲ್ಲಿ ಅವನೊಬ್ಬನ ಮಾತೇ ಸಾಕಷ್ಟಿತ್ತು. ಸ್ಕೋರನ್ನು ತಿರುಗುಮುರುಗಾಗಿ ಓದುವುದನ್ನು ಅವನು ವರ್ಷಗಳ ಹಿಂದೆಯೇ ರೂಢಿ ಮಾಡಿಕೊಂಡಿದ್ದ. ಅಂಕಿಗಳನ್ನು ತಿರುಗಿಸಿಕೊಂಡವನು ಮೈದಾನವನ್ನೂ ತಿರುಗಿಸಿಕೊಳ್ಳಬೇಕಾಗಿತ್ತು, ಅದು ಹೊಳೆಯಲಿಲ್ಲ. ಹುಡುಗನಾದರೂ ಹೇಳಬಹುದಿತ್ತು. ಆದರೆ ಮಾವನ ಕುರ್ಚಿಯಲ್ಲಿ ಕೂತಾಗ ಕಿವಿಯನ್ನು ಬೇರೆಡೆಗೆ ಕಳಿಸಿಬಿಡುವ ವಿದ್ಯೆ ಅವನಿಗೆ ಹಾಲುಹಲ್ಲಿನ ಕಾಲದಿಂದಲೇ ಕರಗತವಾಗಿತ್ತು.

ಪರಿಣಾಮ ಮುಂದಿನ ಪಂದ್ಯದಿಂದಲೇ ಕಾಣಿಸಿತು. ದೊಡ್ಡಣ್ಣ ಬಲ ಅಂಚಿನಿಂದ ಚೆಂಡನ್ನು ಬೆಣ್ಣೆಯಲ್ಲಿ ಅದ್ದಿದಂತೆ ತೇಲಿಸಿದ. ಹುಡುಗ ಹಾರಿದ. ಚೆಂಡು ಕಿವಿಯನ್ನು ಸವರಿಕೊಂಡು ಹೋಯಿತು. ಅದರ ಮುಂದಿನ ಪಂದ್ಯದಲ್ಲಿ ಭುಜಕ್ಕೆ ಬಡಿಯಿತು. ಇನ್ನೊಂದರಲ್ಲಿ ಅವನು ಚೆಂಡಿಲ್ಲದ ಜಾಗಕ್ಕೆ ಬಹಳ ಸೊಗಸಾಗಿ ತಲೆ ಕೊಟ್ಟ. ಎದುರಾಳಿ ಗೋಲ್‌ಕೀಪರನೇ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ. ಡ್ರೆಸಿಂಗ್ ರೂಮಿನಲ್ಲಿ ಅವನಿಗೆ ಪರದೆ ಎಂದು ಹೆಸರು ಬಿತ್ತು. ಅವನು ಒಳಗೆ ಕಾಲಿಟ್ಟರೆ ಯಾರಾದರೊಬ್ಬರು, ಪರದೆ ಏಳೋದು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ಅಭ್ಯಾಸದ ವೇಳೆ ತಲೆಗೆ ಬ್ಯಾಂಡ್ ಕಟ್ಟಿಕೊಂಡು ನೋಡಿದ. ಅದು ಬೆವರಿಗೆ ಜಾರಿ ಎರಡು ಕಣ್ಣನ್ನೂ ಮುಚ್ಚಿತು. ಮೊದಲು ಒಂದಾದರೂ ಇತ್ತು.

ಕೊನೆಗೆ ಕೋಚ್ ಕರೆಸಿದ. ಅವನ ಕೋಣೆ ಬೂಟು ಒಣಗಿಸುವ ಕೋಣೆಯ ಪಕ್ಕದಲ್ಲಿತ್ತು. ಒದ್ದೆ ಚರ್ಮ, ನೋವಿನ ಮುಲಾಮು, ಆರಿದ ಕಾಫಿ ಮೂರೂ ಸೇರಿದ ವಾಸನೆ. ಗೋಡೆಯ ಬೋರ್ಡಿನ ಮೇಲೆ ಹನ್ನೊಂದು ಅಯಸ್ಕಾಂತದ ಬಿಲ್ಲೆಗಳು. ಹುಡುಗ ನೋಡುತ್ತಿದ್ದಂತೆ ಕೋಚ್ ಅವನದೇ ಆದ ಒಂಬತ್ತನೆಯ ಬಿಲ್ಲೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ.

"ಇನ್ನೊಬ್ಬನ ಕಾಲು ಊದಿದೆ. ಅದಕ್ಕೆ ಈ ಶನಿವಾರ ನಿನ್ನನ್ನೇ ಆಡಿಸ್ತೀನಿ," ಎಂದ. "ಅದರ ಮುಂದಿನ ಶನಿವಾರ ನನಗೆ ನಿನ್ನ ಎರಡೂ ಕಣ್ಣು ಕಾಣ್ಬೇಕು. ಕಂಡು, ಒಂದು ಗೋಲೂ ಬೀಳ್ಬೇಕು. ಇಲ್ಲಾಂದ್ರೆ ಎರಡನೇ ತಂಡದ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ನಿನಗೆ ಗೊತ್ತಿದೆ."

ಹುಡುಗನಿಗೆ ಗೊತ್ತಿತ್ತು. ಅವನು ನೇರವಾಗಿ ಸಲೂನಿಗೆ ಹೋದ, ಮಾವನಿಗೆ ಹೇಳಿಯೇ ಬಿಡುವುದೆಂದು. ಬಾಗಿಲಲ್ಲೇ ತನ್ನ ಮುಖ ತನಗಿಂತ ದೊಡ್ಡದಾಗಿ ಎದುರಾಯಿತು. ಒಳಗೆ ಎರಡೂ ಕುರ್ಚಿಗಳಲ್ಲಿ ಬಿಳಿ ಬಟ್ಟೆ ಹೊದ್ದ ಇಬ್ಬರು ಬಲಗಣ್ಣು ಕಳೆದುಕೊಳ್ಳುತ್ತಿದ್ದರು, ಬೆಂಚಿನ ಮೇಲೆ ಮತ್ತೂ ಮೂವರು ಸರದಿ ಕಾಯುತ್ತಿದ್ದರು. ಮಾವ ಅವನನ್ನು ಎಲ್ಲರಿಗೂ ಪರಿಚಯಿಸಿದ. ಅವರಿಗೆ ಮೊದಲೇ ಪರಿಚಯವಿತ್ತು. ಬಂದದ್ದು ಯಾಕೆಂದು ಮಾವ ಕೇಳಿದ್ದಕ್ಕೆ ಹುಡುಗ, ಕತ್ತಿನ ಹಿಂದೆ ಸ್ವಲ್ಪ ಸರಿಮಾಡಿಸಿಕೊಳ್ಳೋಣ ಅಂತ ಬಂದೆ ಎಂದ. ಸರಿಮಾಡಿಸಿಕೊಂಡು ಮನೆಗೆ ಬಂದ.

ವಿಷಯ ತಾಯಿಯ ಪಾಲಿಗೆ ಬಂತು. ಆಕೆ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆದರಿದವರ ತೋಳುಗಳಲ್ಲಿ ನರ ಹುಡುಕಿ ಹುಡುಕಿ, ಯಾವ ಕಹಿ ವಿಷಯವನ್ನಾದರೂ "ಒಂದು ಚಿಕ್ಕ ಚುಚ್ಚು, ಅಷ್ಟೆ" ಎಂದು ಪೀಠಿಕೆ ಹಾಕಿ ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಅವಳು ತಮ್ಮನ ಬಳಿಗೆ ಹೋಗಿ ಹಾಗೆಯೇ ಹೇಳಿದಳು.

ತಮ್ಮ ಒಪ್ಪಲಿಲ್ಲ. ಮೊದಲು ಅಚ್ಚರಿಪಟ್ಟ, ಆಮೇಲೆ ನೊಂದುಕೊಂಡ, ಆಮೇಲೆ ಬಾಚಣಿಗೆಯಿಂದ ಗಾಳಿಯಲ್ಲಿ ನಕ್ಷೆ ಬರೆದು ತೋರಿಸಿದ. ಚೆಂಡು ಈ ಕಡೆಯಿಂದ ಬರುತ್ತೆ, ಕೂದಲಿರೋದು ಆ ಕಡೆ, ಒಂದಕ್ಕೊಂದು ಸಂಬಂಧವೇ ಇಲ್ಲ; ಹುಡುಗ ಹಾರುವುದರಲ್ಲೇ ಏನೋ ಎಡವಟ್ಟಿದೆ, ಅದು ಅವನ ಅಪ್ಪನ ಕಡೆಯಿಂದ ಬಂದದ್ದು ಎಂದ. ಕೋಚ್ ಹೇಳುತ್ತಾನೆಂದರೆ, ಆ ಕೋಚಿನ ತಲೆಯನ್ನು ಅವನು ಟಿವಿಯಲ್ಲಿ ನೋಡಿದ್ದ. "ತಲೇಲಿ ಒಂದೆಳೆ ಇಲ್ಲ ಅಕ್ಕ ಆ ಮನುಷ್ಯನಿಗೆ. ಅವನು ಕೂದಲಿನ ವಿಷಯ ಮಾತಾಡೋದು ಅಂದ್ರೆ ಏನು? ನಾನು ಹೋಗಿ ಅವನ ಬೂಟಿನ ವಿಷಯ ಮಾತಾಡ್ತೀನಾ?"

ಅಕ್ಕ, ಸರಿ ಬಿಡು ಎಂದಳು. ಆ ಮನೆಯಲ್ಲಿ ಸರಿ ಬಿಡು ಎಂದರೆ ಯುದ್ಧ ಘೋಷಣೆ. ಆ ದಿನದಿಂದ ತಮ್ಮ ಊಟಕ್ಕೆ ಬಂದರೆ ಅವಳು ಗಂಡನ ಕಡೆ ತಿರುಗಿ, ಅನ್ನ ಬೇಕಾ ಕೇಳಿ ಅನ್ನುವಳು. ತಮ್ಮನೂ ಭಾವನ ಕಡೆಗೇ ತಿರುಗಿ, ಬೇಡ ಅಂತ ಹೇಳಿ ಅನ್ನುವನು. ಆಗತಾನೇ ಎದ್ದು ಬಂದ ಭಾವ ಇಬ್ಬರ ನಡುವೆ ಕೂತು ಸದ್ದಿಲ್ಲದೆ ತಮ್ಮ ತಟ್ಟೆಯ ಕೆಲಸ ಮುಗಿಸುತ್ತಿದ್ದರು. ಹುಡುಗ ಮಾತ್ರ ಒಂದು ಕಣ್ಣಿನಿಂದ ಅಮ್ಮನನ್ನೂ ಅದೇ ಕಣ್ಣಿನಿಂದ ಮಾವನನ್ನೂ ನೋಡುತ್ತ ಉಣ್ಣುತ್ತಿದ್ದ. ಅವನು ಸರಿಯಾಗಿ ಉಣ್ಣುತ್ತಿಲ್ಲವೆಂಬುದು ತಾಯಿಗೆ ಕಂಡಿತು. ರಾತ್ರಿಯ ಪಾತ್ರೆ ತೊಳೆಯುತ್ತ ಅವಳು ತಮ್ಮನಿಗೇ ನೇರವಾಗಿ ಹೇಳಿದಳು.

"ಶನಿವಾರ ಅಂಗಡಿ ಮುಚ್ಚಿ ನನ್ನ ಜೊತೆ ಮೈದಾನಕ್ಕೆ ಬಾ. ನಿನ್ನ ಕಣ್ಣಾರೆ ನೋಡು. ನೋಡಿದ ಮೇಲೂ ಕೂದಲು ಇರಲಿ ಅಂದ್ರೆ ಇರಲಿ. ಆಮೇಲೆ ನಾನು ಆ ಮಾತೇ ಎತ್ತಲ್ಲ."

ಶನಿವಾರವೆಂದರೆ ಸಲೂನಿನ ಸುಗ್ಗಿ. ಆದರೆ ಅಕ್ಕ ಬಾಯಿ ಮುಚ್ಚುವುದಾಗಿ ಮಾತು ಕೊಟ್ಟದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅವನು ಬಾಗಿಲು ಹಾಕಿ ಹೊರಟ.

ಮೈದಾನದಲ್ಲಿ ಕೂತವನೇ ಮೊದಲು ಅಕ್ಕಪಕ್ಕದ ತಲೆಗಳನ್ನು ಪರಿಶೀಲಿಸಿ, ಇಡೀ ಸಾಲಿನಲ್ಲಿ ಒಬ್ಬನಿಗೂ ಸರಿಯಾದ ಕಟಿಂಗ್ ಇಲ್ಲವೆಂದು ಅಕ್ಕನಿಗೆ ವರದಿ ಮಾಡಿದ. ಆಟ ಶುರುವಾಯಿತು. ತುಸು ಹೊತ್ತಿನಲ್ಲೇ ಅವನು ಕೂತಲ್ಲೇ ಚಡಪಡಿಸತೊಡಗಿದ. ದೊಡ್ಡಣ್ಣನನ್ನು ಆ ಕಡೆಗೆ ಯಾಕೆ ಹಾಕಿದ್ದಾರೆ, ಇವತ್ತು ಜಾಗ ಬದಲಿಸಿದ್ದಾರಾ ಎಂದು ಗೊಣಗಿದ. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಮುದುಕರೊಬ್ಬರು, ತಾವು ಕಂಡಾಗಿನಿಂದ ದೊಡ್ಡಣ್ಣ ಆಡುವುದು ಬಲಗಡೆಯಲ್ಲೇ ಎಂದರು. ಮಾವ ನಯವಾಗಿಯೇ ಅವರನ್ನು ತಿದ್ದಿದ: ಎಡಗಡೆ. ಮುದುಕರು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ನೀವು ಎಷ್ಟು ಮ್ಯಾಚ್ ನೋಡಿದ್ದೀರಿ?"

"ಒಂದೂ ಬಿಟ್ಟಿಲ್ಲ."

"ಎಲ್ಲಿ ಕೂತು ನೋಡಿದ್ರಿ?"

"ಕೂತಲ್ಲ, ನಿಂತು," ಎಂದ ಮಾವ.

ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಪೊಟ್ಟಣ ಎತ್ತಿಕೊಂಡು ಒಂದು ಸೀಟು ಆಚೆ ಸರಿದರು.

ಅಷ್ಟರಲ್ಲಿ ದೊಡ್ಡಣ್ಣ ಚೆಂಡನ್ನು ಎತ್ತಿದ. ಗೋಲಿನ ಮುಂದೆ ಹುಡುಗ ಅದನ್ನು ನೋಡಲೆಂದು ಕತ್ತನ್ನು ಪೂರ್ತಿ ತಿರುಚಿ, ಕಾಳು ಕಂಡ ಕೋಳಿಯ ಹಾಗೆ ಎಡಗಣ್ಣನ್ನು ಬಲಕ್ಕೆ ತಂದ. ಕತ್ತು ತಿರುಗಿ ಮುಗಿಯುವ ಹೊತ್ತಿಗೆ ಚೆಂಡು ಅವನ ಹಿಂದಲೆಗೆ ಬಡಿದು ಮೇಲಕ್ಕೆ ಹೋಗಿತ್ತು. ಮೈದಾನ ನಕ್ಕಿತು. ಅದು ಕೆಟ್ಟ ನಗುವೇನಲ್ಲ. ಆದರೆ ತಲೆ ತಗ್ಗಿಸಿ ವಾಪಸು ಓಡುತ್ತಿದ್ದ ಹುಡುಗ ಅದನ್ನು ಕೇಳಿಸಿಕೊಂಡ, ಅವನು ಕೇಳಿಸಿಕೊಂಡದ್ದನ್ನು ಮಾವ ನೋಡಿದ.

ಅಕ್ಕನಿಗೆ ಆಗ ಏನೋ ಹೊಳೆಯಿತು.

"ಒಂದು ಚಿಕ್ಕ ಚುಚ್ಚು, ಅಷ್ಟೆ," ಎಂದಳು. "ನೀನು ಟಿವಿ ಎಲ್ಲಿ ನೋಡೋದು?"

"ಅಂಗಡೀಲಿ."

"ಅಂಗಡೀಲಿ ಎಲ್ಲಿ?"

ಮಾವ ಎಂದಿನಂತೆ ಎದುರಿಗೆ ಕೈಚಾಚಿ ತೋರಿಸಹೋದ. ಎದುರಿಗೆ ಕನ್ನಡಿ ಇರಲಿಲ್ಲ, ಮೈದಾನವಿತ್ತು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವನು ತನ್ನ ಬಲಗೈಯನ್ನೂ ಎಡಗೈಯನ್ನೂ ಒಂದಾದ ಮೇಲೊಂದು ನೋಡಿಕೊಂಡ. ಜೇಬಿನಿಂದ ಬಾಚಣಿಗೆ ತೆಗೆದ, ಅದರಿಂದ ಏನು ಮಾಡಬೇಕೆಂದು ತೋಚದೆ ಮತ್ತೆ ಜೇಬಿಗಿಟ್ಟ. ಪಂದ್ಯ ಮುಗಿಯುವವರೆಗೆ ಅವನು ಯಾರ ತಲೆಯನ್ನೂ ಪರಿಶೀಲಿಸಲಿಲ್ಲ. ಗೋಲೂ ಬೀಳಲಿಲ್ಲ.

ಭಾನುವಾರ ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಮಾವ ಹುಡುಗನನ್ನು ಕರೆಸಿದ. ಕೆಲಸಗಾರನನ್ನು ಮನೆಗೆ ಕಳಿಸಿ ಆಗಿತ್ತು. ನೆಲದ ಕೂದಲನ್ನು ತಾನೇ ಗುಡಿಸಿ ಮೂಲೆಗೆ ಒಟ್ಟಿದ್ದ. ಬಿಳಿ ಬಟ್ಟೆಯನ್ನು ಕೊಡವಿ ಹೊದಿಸಿ, ಕತ್ತಿಗೆ ಪಿನ್ನು ಸಿಕ್ಕಿಸಿ, ಹಿಂದೆ ನಿಂತು ಕೇಳಿದ.

"ಅಳಿಯ, ಚೆಂಡು ಯಾವ ಕಡೆಯಿಂದ ಬರುತ್ತೆ?"

"ಬಲಗಡೆಯಿಂದ ಮಾವ."

"ಯಾವಾಗಿನಿಂದ?"

"ಯಾವಾಗ್ಲೂ."

"ಒಂದು ಮಾತು ಹೇಳ್ಬಾರದಿತ್ತಾ?"

"ನಿಮ್ಮ ಕೈಯಲ್ಲಿ ರೇಜರ್ ಇತ್ತು."

ಉತ್ತರ ನ್ಯಾಯವಾಗಿಯೇ ಇತ್ತು. ಮಾವ ಅದನ್ನು ಬಿಟ್ಟು ಕೂದಲಿಗೆ ನೀರು ಚಿಮುಕಿಸಿದ. ಅವನ ಬಳಿ ಒಂದು ಉಪಾಯವಿತ್ತು: ಅಲೆಯನ್ನು ಹಾಗೇ ಎತ್ತಿ ಎಡಗಣ್ಣಿನ ಮೇಲೆ ಮಲಗಿಸುವುದು. ಚೆಂಡಿಗೆ ದಾರಿ ಬಿಟ್ಟಂತಾಗುತ್ತದೆ, ಕಟಿಂಗೂ ಉಳಿಯುತ್ತದೆ. ಬೋರ್ಡಿನ ಫೋಟೋವನ್ನು ಉಲ್ಟಾ ಮಾಡಿಸಿದರಾಯಿತು. ಅವನು ಬಾಚಿ ತೋರಿಸಿದ. ನೋಡಲು ಏನೂ ಕೆಟ್ಟದಾಗಿರಲಿಲ್ಲ.

"ಕೋಚ್‌ಗೆ ಎರಡೂ ಕಣ್ಣು ಬೇಕಂತೆ ಮಾವ."

"ಎರಡೂನಾ?" ಮಾವನಿಗೆ ಇದು ದುರಾಸೆಯೆನಿಸಿತು. "ನೀವು ಆಡೋದು ಒಂದೇ ಚೆಂಡಲ್ಲಿ ತಾನೆ?"

ಹುಡುಗ ಬಟ್ಟೆಯೊಳಗೆ ಕೈ ಹಿಸುಕಿಕೊಂಡ. ಕನ್ನಡಿಯಲ್ಲಿ ಮಾವನ ಮುಖ ನೋಡಿ ಆ ಮಾತು ಹೇಳಲು ಅವನಿಗೆ ಆಗಲಿಲ್ಲ. ಕಣ್ಣು ಮಡಿಲಿಗಿಳಿಸಿ ಹೇಳಿದ.

"ನನಗೂ ಎರಡು ಬೇಕು ಮಾವ. ನನಗೆ ಅಲ್ಲೇ ಆಡಬೇಕು. ಎರಡನೇ ತಂಡಕ್ಕೆ ಹೋಗೋಕೆ ಇಷ್ಟ ಇಲ್ಲ."

ಕುರ್ಚಿಯಲ್ಲಿ ಕೂತು ಅವನು ತನಗೆ ಇಂಥದ್ದು ಬೇಕೆಂದು ಕೇಳಿದ್ದು ಅದೇ ಮೊದಲು. ಮಾವ ಎರಡನೇ ಕುರ್ಚಿಯ ಕಡೆ ನೋಡಿದ. ಅದರ ಕೈಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ನಾಳೆಯಿಂದ ಜನ ಬಂದು ಏನು ಬಿಡಿ ಅಂತ ಕೇಳಬೇಕು ಎಂದು ಅವನು ವಿಚಾರಿಸಿದ್ದು ಹುಡುಗನನ್ನೋ ಕುರ್ಚಿಯನ್ನೋ ಸ್ಪಷ್ಟವಾಗಲಿಲ್ಲ. ಆಮೇಲೆ ಅವನು ಕತ್ತರಿಯನ್ನು ಅಂಗಿಯ ತುದಿಗೆ ಒರೆಸಿ, ಅಲೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಲ್ಲೇ ಕತ್ತರಿಸಿದ. ಕೂದಲು ಮಡಿಲಿಗೆ ಬಿತ್ತು. ಅದರ ಕೆಳಗೆ ಬಿಸಿಲು ಕಾಣದ, ಮುಖದ ಉಳಿದ ಭಾಗಕ್ಕಿಂತ ಎರಡು ಬಣ್ಣ ತೆಳುವಾದ ಒಂದು ಹಣೆ ಹೊರಬಂತು.

"ನಿಮ್ಮ ಅಪ್ಪನ ಹಣೆ," ಎಂದ ಮಾವ. "ಮುಚ್ಚಿಟ್ಟಿದ್ದು ಸುಮ್ನೆ ಅಲ್ಲ."

ಸೋಮವಾರ ಕೋಚ್ ಆ ಹಣೆಯನ್ನು ಹತ್ತಿರದಿಂದ ನೋಡಿ, ಬಿಲ್ಲೆಯನ್ನು ಬೋರ್ಡಿಗೆ ಅಂಟಿಸಿದ. ಪರದೆ ಎಂಬ ಹೆಸರು ಡ್ರೆಸಿಂಗ್ ರೂಮಿನಲ್ಲಿ ಹಾಗೇ ಉಳಿಯಿತು. ಹೊಸದನ್ನು ಯೋಚಿಸುವ ಉತ್ಸಾಹ ಯಾರಿಗೂ ಇರಲಿಲ್ಲ. ಇತ್ತ ಸಲೂನಿನಲ್ಲಿ ಮಾವ ಹೆದರಿದಂತೇನೂ ಆಗಲಿಲ್ಲ. ಫಾರ್ವರ್ಡನೇ ಬೋಳಿಸಿಕೊಂಡನಂತೆ ಎಂಬ ಸುದ್ದಿ ಹಬ್ಬಿ, ಒಕ್ಕಣ್ಣಿನ ಹುಡುಗರೆಲ್ಲ ಹಣೆ ಬಿಡಿಸಿಕೊಳ್ಳಲು ಸಾಲುಗಟ್ಟಿದರು. ಆ ವಾರ ಎರಡು ಕುರ್ಚಿಯೂ ಸಾಲದಾಯಿತು. ಇದು ತಾನು ಮೊದಲೇ ಹಾಕಿಕೊಂಡ ಲೆಕ್ಕವೆಂದು ಮಾವ ಕೆಲಸಗಾರನಿಗೆ ವಿವರಿಸಿದ. ಕೆಲಸಗಾರ ಹೌದೆಂದ. ಅವನಿಗೆ ಸಂಬಳ ಕೊಡುವವನು ಮಾವ.

ಶನಿವಾರ ಮಾವ ಅಂಗಡಿ ಮುಚ್ಚಲಿಲ್ಲ. ಆದರೆ ಪಂದ್ಯ ನಡೆದಷ್ಟು ಹೊತ್ತೂ ಗಿರಾಕಿಗೆ ಬೆನ್ನು ಹಾಕಿ ಟಿವಿಯ ಕಡೆಗೇ ಮುಖ ಮಾಡಿ ನಿಂತ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಎರಡು ಸಲ ಕೆಮ್ಮಿದ, ಆಮೇಲೆ ಅವನೂ ಕುರ್ಚಿ ತಿರುಗಿಸಿಕೊಂಡ. ತಾಯಿ ಮೈದಾನದಲ್ಲಿ ಕಡಲೆಕಾಯಿ ಮುದುಕರ ಪಕ್ಕದ ಸೀಟಿನಲ್ಲಿದ್ದಳು. ತಮ್ಮ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಮುದುಕರು ಪೊಟ್ಟಣವನ್ನು ಅವಳ ಕಡೆಗೂ ಚಾಚಿದರು. ತಂದೆ ನಿದ್ದೆಗೆಟ್ಟು ಮನೆಯಲ್ಲಿ ರೇಡಿಯೋ ಹಚ್ಚಿಕೊಂಡಿದ್ದರು, ದನಿ ತೀರ ಸಣ್ಣದಾಗಿ, ತಾವು ಮಲಗಿಯೇ ಇದ್ದೇವೆಂಬಂತೆ.

ದೊಡ್ಡಣ್ಣ ಎತ್ತಿದ ಮೊದಲ ಚೆಂಡನ್ನು ಹುಡುಗ ಎರಡೂ ಕಣ್ಣಿನಿಂದ ಚೆನ್ನಾಗಿ ನೋಡಿ, ಗೋಲಿನ ಮೇಲಿನಿಂದ ಪ್ರೇಕ್ಷಕರಿಗೆ ಕಳಿಸಿಕೊಟ್ಟ. ಎರಡನೆಯದನ್ನು ಇನ್ನೂ ಚೆನ್ನಾಗಿ ನೋಡಿ ಗೋಲ್‌ಕೀಪರನ ಕೈಗಿಟ್ಟ. ಕೋಚ್ ಗಡಿಯಾರ ನೋಡಿಕೊಂಡ. ಆಟ ಮುಗಿಯುತ್ತ ಬಂದಾಗ ಮೂರನೆಯದು ಬಂತು. ಹುಡುಗನಿಗೆ ಭಯವಾಯಿತು, ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಹಾರಿದ. ಚೆಂಡು ಆ ಹೊಸ ಹಣೆಯ ನಟ್ಟನಡುವೆ ಬಡಿದು ಬಲೆಯೊಳಗೆ ಹೋಯಿತು.

ಪಂದ್ಯ ಒಂದು-ಸೊನ್ನೆಯಲ್ಲಿ ಮುಗಿಯಿತು. ಹುಡುಗ ಮೊದಲ ತಂಡದಲ್ಲೇ ಉಳಿದ.